ರಾತ್ರಿ ಹಲ್ಲು ಕಡಿಯುವವರು ಮೊದಲು ಹಗಲಿನ ದವಡೆ ನೋಡಿಕೊಳ್ಳಿ

ನಿಮ್ಮ ಪ್ರಶ್ನೆ ಓದಿದೆ. ಬೆಳಿಗ್ಗೆ ಎದ್ದಾಗ ಎರಡೂ ಕಡೆ ದವಡೆ ಬಿಗಿ, ಕಣತಲೆ ನೋವು, ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತೆ, ರಾತ್ರಿ ಕಟಕಟ ಸದ್ದು ಬರುತ್ತೆ ಅಂತ ಹೆಂಡತಿ ಹೇಳುತ್ತಾರೆ, ಅತ್ತೆ ಜಂತುಹುಳದ ಮಾತ್ರೆ ನುಂಗಿ ಅನ್ನುತ್ತಾರೆ, ರಾತ್ರಿ ಹಲ್ಲಿನ ಮೇಲೆ ಹಾಕಿಕೊಂಡು ಮಲಗುವ ನೈಟ್ ಗಾರ್ಡ್ ಆನ್‌ಲೈನ್‌ನಲ್ಲಿ ಮುನ್ನೂರು ರೂಪಾಯಿಗೆ ಸಿಗುತ್ತೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಗೌರಿಬಿದನೂರಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಅಂತಲೂ ಬರೆದಿದ್ದೀರಿ. ಈ ಕೊನೆಯ ಮಾತನ್ನು ನೀವು ಸುಮ್ನೆ ಸೇರಿಸಿರಬಹುದು. ನನಗೆ ಅದೇ ಮುಖ್ಯ ಅನ್ನಿಸಿತು.

ನಾನು ಡಾಕ್ಟರ್ ಅಲ್ಲ. ತುಮಕೂರಿನ ಒಂದು ಡೆಂಟಲ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರು ಬಾಯಿಂದ ತೆಗೆದ ಅಚ್ಚು ನಮ್ಮ ಹತ್ತಿರ ಬರುತ್ತದೆ, ಅದಕ್ಕೆ ಪ್ಲಾಸ್ಟರ್ ಸುರಿದು ಹಲ್ಲಿನ ಮಾದರಿ ತೆಗೆದು, ಅದರ ಮೇಲೆ ಕ್ಯಾಪು, ಹಲ್ಲು ಸೆಟ್ಟು, ನೈಟ್ ಗಾರ್ಡು ಮಾಡುತ್ತೇವೆ. ಹಾಗಾಗಿ ಹಲ್ಲು ಕಡಿಯುವವರ ಬಾಯಿ ಹೇಗಿರುತ್ತದೆ ಅನ್ನುವುದನ್ನು ಕೈಯಲ್ಲಿ ಹಿಡಿದು ನೋಡುವ ಕೆಲಸ ನಮ್ಮದು.

ಕೋರೆಹಲ್ಲಿನ ತುದಿ ಚೂಪಾಗಿರಬೇಕು, ಅಲ್ವಾ? ಇವರದ್ದು ಚಪ್ಪಟೆ, ಸ್ವಲ್ಪ ಓರೆಯಾಗಿ ಉಜ್ಜಿದ ಹಾಗಿರುತ್ತದೆ. ಮೇಲಿನ ಮಾದರಿಯನ್ನು ಕೆಳಗಿನದರ ಮೇಲಿಟ್ಟು ನಿಧಾನಕ್ಕೆ ಪಕ್ಕಕ್ಕೆ ಸರಿಸುತ್ತಾ ಹೋದರೆ ಒಂದು ಕಡೆ ಬಂದು ನಿಲ್ಲುತ್ತದೆ. ಅಲ್ಲಿ ಮೇಲಿನ ಚಪ್ಪಟೆ ಜಾಗ ಕೆಳಗಿನ ಚಪ್ಪಟೆ ಜಾಗದ ಮೇಲೆ ಎಷ್ಟು ಸರಿಯಾಗಿ ಕೂರುತ್ತೆ ಅಂದರೆ ನಡುವೆ ಬೆಳಕು ತೂರುವುದಿಲ್ಲ. ಊಟ ಮಾಡುವಾಗ ಯಾರೂ ದವಡೆಯನ್ನು ಅಷ್ಟು ದೂರ ಪಕ್ಕಕ್ಕೆ ಒಯ್ಯುವುದಿಲ್ಲ. ನಿದ್ದೆಯಲ್ಲಿ ಹೋಗುತ್ತದೆ. "ನಾನಂತೂ ಹಲ್ಲು ಕಡಿಯಲ್ಲ" ಅಂತ ಖಡಾಖಂಡಿತವಾಗಿ ಹೇಳುವವರಿಗೆ ಡಾಕ್ಟರು ಇದನ್ನೇ ತೋರಿಸುತ್ತಾರೆ. ಆಮೇಲೆ ವಾದ ಇರುವುದಿಲ್ಲ.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಹೊಟ್ಟೆಯಲ್ಲಿ ಹುಳ ಇದ್ದರೆ ಹಲ್ಲು ಕಡೀತಾರೆ ಅನ್ನುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇರುವ ನಂಬಿಕೆ. ಮಕ್ಕಳಿಗೆ ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಹುಳಕ್ಕೆ ಒಳ್ಳೆಯದೇ, ಅದನ್ನು ತಪ್ಪಿಸಬೇಡಿ. ಆದರೆ ಹಲ್ಲು ಕಡಿಯುವುದಕ್ಕೆ ಅದು ಮದ್ದಲ್ಲ. ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ, ಹೆಚ್ಚಿನವರಿಗೆ ಬೆಳೆಯುತ್ತಾ ತಾನಾಗಿ ಹೋಗುತ್ತದೆ. ಮಾತ್ರೆ ಕೊಟ್ಟ ಮೇಲೆ ನಿಂತಿತು ಅಂತ ಅನ್ನಿಸುವುದೂ ಅದಕ್ಕೇ. ದೊಡ್ಡವರದ್ದು ಹಾಗೆ ತಾನಾಗಿ ಹೋಗುತ್ತೆ ಅಂತ ಕಾಯುವ ಹಾಗಿಲ್ಲ. ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ.

ಇದರಲ್ಲಿ ಎರಡು ಬೇರೆ ಬೇರೆ ವಿಷಯ ಇದೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ರಾತ್ರಿ ಕಡಿಯುವುದು ಒಂದು. ಹಗಲು ಗೊತ್ತಿಲ್ಲದೆ ಹಲ್ಲು ಕಚ್ಚಿ ಹಿಡಿದುಕೊಂಡಿರುವುದು ಇನ್ನೊಂದು. ರಾತ್ರಿಯದು ನಿದ್ದೆಯದೇ ಒಂದು ಚಲನೆ. ನಿದ್ದೆ ಆಗಾಗ ಕೆಲವು ಸೆಕೆಂಡು ತೆಳುವಾಗುತ್ತದೆ, ಎದೆ ಬಡಿತ ಸ್ವಲ್ಪ ಏರುತ್ತದೆ, ಹಿಂದೆಯೇ ದವಡೆಯ ಮಾಂಸಖಂಡ ಕೆಲಸ ಶುರು ಮಾಡುತ್ತದೆ. ಎಚ್ಚರ ಇರುವಾಗ ನೋವಾದರೆ ನಿಲ್ಲಿಸುತ್ತೇವೆ, ನಿದ್ದೆಯಲ್ಲಿ ಆ ತಡೆ ಇಲ್ಲ. ಕೆಲವು ಮನೆತನಗಳಲ್ಲಿ ಇದು ತಂದೆಯಿಂದ ಮಕ್ಕಳಿಗೂ ಬರುತ್ತದೆ. ಚಿಂತೆ, ಸಂಜೆ ಮೇಲೆ ಕುಡಿಯುವ ಕಾಫಿ ಟೀ, ಸಿಗರೇಟು, ಮದ್ಯ ಇದನ್ನು ಜಾಸ್ತಿ ಮಾಡುತ್ತವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಶುರುವಾಗಬಹುದು. ಅಂಥ ಮಾತ್ರೆ ತಗೊಳ್ಳುತ್ತಿದ್ದರೆ ದಯವಿಟ್ಟು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ, ಅವರು ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ.

ಇನ್ನೊಂದು ಮಾತು ನಿಮ್ಮ ಹೆಂಡತಿಯವರನ್ನು ಕೇಳಿ. ಜೋರಾಗಿ ಗೊರಕೆ ಇದೆಯಾ, ಗೊರಕೆ ನಡುವೆ ಉಸಿರು ನಿಂತು ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತೀರಾ, ಹಗಲು ರೈಲಿನಲ್ಲಿ ಕೂತ ಕೂಡಲೇ ನಿದ್ದೆ ಬರುತ್ತಾ ಅಂತ. ಹೌದು ಅಂದರೆ ಅದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ ಇರಬಹುದು. ಆಗ ಹಲ್ಲಿನ ಡಾಕ್ಟರಿಗಿಂತ ಮೊದಲು ಕಿವಿ ಮೂಗು ಗಂಟಲು ಡಾಕ್ಟರನ್ನೋ ಶ್ವಾಸಕೋಶದ ಡಾಕ್ಟರನ್ನೋ ನೋಡಿ.

ರಾತ್ರಿಯದನ್ನು ಪೂರ್ತಿ ನಿಲ್ಲಿಸುವ ಮದ್ದು ಇಲ್ಲ, ಹಲ್ಲನ್ನು ಕಾಪಾಡಬಹುದು ಅಷ್ಟೇ. ಹಗಲಿನದು ಹಾಗಲ್ಲ, ಅದು ನಿಮ್ಮ ಕೈಯಲ್ಲೇ ಇದೆ, ದುಡ್ಡೂ ಬೇಡ. ಆದರೂ ಜನ ಗಾರ್ಡು ಮಾಡಿಸಿಕೊಂಡು ಹೋಗಿ, ಹಗಲೆಲ್ಲಾ ಹಲ್ಲು ಕಚ್ಚಿಕೊಂಡೇ ಇದ್ದು, ನೋವು ಹೋಗಲಿಲ್ಲ ಅಂತ ಬೇಜಾರಾಗುತ್ತಾರೆ. ನನಗೆ ಇದು ನಿಜವಾಗಲೂ ಸಂಕಟ.

ಒಂದು ಪರೀಕ್ಷೆ ಈಗಲೇ ಮಾಡಿ. ಇದನ್ನು ಓದುತ್ತಿರುವಾಗ ನಿಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿದೆಯಾ? ತಾಗಿದ್ದರೆ ಅದೇ ತೊಂದರೆ. ಬಾಯಿ ಮುಚ್ಚಿದಾಗ ಹಲ್ಲು ಸೇರಿರಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ತುಟಿ ಕೂಡಿರಬೇಕು, ಹಲ್ಲು ಬಿಟ್ಟಿರಬೇಕು, ನಾಲಿಗೆ ತುದಿ ಮೇಲಿನ ಮುಂದಿನ ಹಲ್ಲಿನ ಹಿಂದೆ ಬಾಯಿಯ ಅಂಗಳಕ್ಕೆ ಮೆಲ್ಲಗೆ ತಾಗಿರಬೇಕು. ಹಲ್ಲಿಗೆ ಹಲ್ಲು ತಾಗಬೇಕಾದದ್ದು ಅಗಿಯುವಾಗ, ನುಂಗುವಾಗ ಮಾತ್ರ. ಅದೆಲ್ಲ ಕೂಡಿಸಿದರೂ ದಿನಕ್ಕೆ ಅರ್ಧ ಗಂಟೆ ದಾಟುವುದಿಲ್ಲ. ಇನ್ನು ಕಂಪ್ಯೂಟರ್ ಮುಂದೆ ಎಂಟು ಗಂಟೆ ಕಚ್ಚಿ ಹಿಡಿದರೆ ಆ ಮಾಂಸಖಂಡದ ಗತಿ ಏನು ನೋಡಿ. ನಿಮ್ಮ ಕಣತಲೆ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ, ಅಲ್ಲಿ ಉಬ್ಬುತ್ತದೆ. ದವಡೆ ಎಳೆಯುವ ಖಂಡ ಅಲ್ಲಿಯವರೆಗೂ ಹಬ್ಬಿದೆ. ಹಾಗಾಗಿ ನಿಮ್ಮ ಬೆಳಗಿನ ತಲೆನೋವು ದವಡೆಯದೇ ಇರುವ ಸಾಧ್ಯತೆ ಜಾಸ್ತಿ. ನಾಲಿಗೆ ಅಂಚಿನಲ್ಲಿ ಹಲ್ಲಿನ ಅಚ್ಚು ಸಾಲಾಗಿ ಮೂಡಿದೆಯಾ, ಕೆನ್ನೆ ಒಳಗೆ ಅಡ್ಡಕ್ಕೆ ಬಿಳಿ ಗೆರೆ ಇದೆಯಾ ಅಂತ ಕನ್ನಡಿಯಲ್ಲಿ ನೋಡಿ. ಅವೂ ಒತ್ತಿ ಹಿಡಿಯುವವರ ಗುರುತೇ.

ಬಿಡಿಸಿಕೊಳ್ಳುವ ದಾರಿ ನೆನಪಿಸಿಕೊಳ್ಳುವುದು, ಬೇರೇನಿಲ್ಲ. ಮನೆಯಲ್ಲಿ ಸ್ಟಿಕ್ಕರ್ ಬಿಂದಿ ಇರುತ್ತದಲ್ಲ, ಒಂದನ್ನು ಮಾನಿಟರ್ ಮೂಲೆಗೆ, ಒಂದನ್ನು ಫೋನ್ ಹಿಂದಕ್ಕೆ ಅಂಟಿಸಿ. ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ತಾಗಿದೆಯಾ ಅಂತ ನೋಡಿಕೊಳ್ಳಿ, ತಾಗಿದ್ದರೆ ಬಾಯಿಂದ ಒಮ್ಮೆ ಉಸಿರು ಬಿಟ್ಟು ದವಡೆ ಇಳಿಸಿ, ಹೆಗಲನ್ನೂ ಇಳಿಸಿ. ರೈಲಿನಲ್ಲಿ ಇನ್ನೂ ಸುಲಭ. ತೊಂಡೇಬಾವಿ ಬಂತು, ನೋಡಿ. ಮಾಕಳಿದುರ್ಗ ಬಂತು, ನೋಡಿ. ದೊಡ್ಡಬಳ್ಳಾಪುರ, ರಾಜಾನುಕುಂಟೆ, ಯಲಹಂಕ. ನಾನು ಮೇಣದಲ್ಲಿ ಹಲ್ಲು ಕೆತ್ತುವಾಗ, ಅಂದರೆ ಕಣ್ಣು ಕೈ ಎರಡೂ ಒಂದೇ ಕಡೆ ನೆಟ್ಟಿರುವಾಗ, ದವಡೆ ತಾನಾಗಿ ಬಿಗಿಯುತ್ತದೆ. ಬೆಂಚಿನ ದೀಪಕ್ಕೆ ಹೀಗೇ ಒಂದು ಬಿಂದಿ ಅಂಟಿಸಿಕೊಂಡೆ. ಕೆಲವು ವಾರಗಳಲ್ಲಿ ಸಂಜೆಯ ಕೆನ್ನೆನೋವು ಇಳಿಯಿತು. ಮೊದಲ ದಿನಗಳಲ್ಲಿ ನೋಡಿದಾಗೆಲ್ಲ ತಾಗಿಯೇ ಇರುತ್ತದೆ, ಅದಕ್ಕೆ ಬೇಜಾರಾಗಬೇಡಿ, ಗಮನ ಬರುವುದೇ ಹಾಗೆ. ಹಗಲು ಬಿಟ್ಟರೆ ರಾತ್ರಿ ಕಡಿಯುವುದು ನಿಂತೇಬಿಡುತ್ತೆ ಅಂತ ನಾನು ಹೇಳುತ್ತಿಲ್ಲ. ಹಗಲಾದರೂ ಖಂಡಕ್ಕೆ ಬಿಡುವು ಸಿಕ್ಕರೆ ನೋವು ತಡೆಯುವಷ್ಟಕ್ಕೆ ಇಳಿಯುತ್ತದೆ.

ನೋವು ಜಾಸ್ತಿ ಇರುವ ದಿನ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಕೆನ್ನೆಗೆ ಹದಿನೈದು ಇಪ್ಪತ್ತು ನಿಮಿಷ ಇಡಿ. ಆಮೇಲೆ ಕಿವಿ ಮುಂದಿನಿಂದ ದವಡೆ ಮೂಲೆವರೆಗೆ ಬೆರಳಿಂದ ಮೆಲ್ಲಗೆ ಸುತ್ತಾಗಿ ಉಜ್ಜಿ. ಆಕಳಿಸುವಾಗ ಗಲ್ಲದ ಕೆಳಗೆ ಕೈ ಕೊಡಿ. ಚೂಯಿಂಗ್ ಗಮ್ ಬೇಡ, ಸುಟ್ಟ ಜೋಳದ ತೆನೆ, ಹುರಿಗಡಲೆ, ಒಣಕೊಬ್ಬರಿ ಸ್ವಲ್ಪ ದಿನ ಬೇಡ. ಊಟದ ವಿಷಯದಲ್ಲಿ ನಮ್ಮ ಜಿಲ್ಲೆಗಳವರಿಗೆ ಅನುಕೂಲ ಇದೆ. ಮುದ್ದೆ ಅಗಿಯುವ ಊಟ ಅಲ್ಲ, ನುಂಗುವ ಊಟ. ಬಸ್ಸಾರಲ್ಲಿ ಅದ್ದಿ ನುಂಗಿದರೆ ಹೊಟ್ಟೆಯೂ ತುಂಬುತ್ತೆ, ದವಡೆಗೂ ರಜೆ.

ಹುಳಿ ಬಗ್ಗೆ ಎಚ್ಚರ. ಹುಣಸೆಹಣ್ಣು ಚೀಪುವುದು, ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ಕಚ್ಚುವುದು ನಮ್ಮ ಕಡೆ ಎಲ್ಲರಿಗೂ ಇಷ್ಟ. ಹುಳಿ ಎನಾಮಲ್ಲನ್ನು ಮೆತ್ತಗೆ ಮಾಡುತ್ತದೆ, ಅದರ ಮೇಲೆ ಹಲ್ಲು ಕಡಿದರೆ ಸವೆತ ಇನ್ನೂ ಜಾಸ್ತಿ. ತಿಂದ ಮೇಲೆ ನೀರಲ್ಲಿ ಮುಕ್ಕಳಿಸಿ, ಕೂಡಲೇ ಬ್ರಷ್ ಮಾಡಬೇಡಿ. ನೀರಿನ ಕಥೆಯೂ ಇದೆ. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆಯ ಬೋರ್‌ವೆಲ್ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುತ್ತದೆ. ಚಿಕ್ಕಂದಿನಿಂದ ಅದನ್ನು ಕುಡಿದವರ ಹಲ್ಲಿನ ಕಂದು ಕಲೆ ಪ್ಲಾಸ್ಟರ್‌ನಲ್ಲಿ ಕಾಣುವುದಿಲ್ಲ, ಆದರೆ ತೊಂದರೆ ಜಾಸ್ತಿ ಇರುವವರದ್ದರಲ್ಲಿ ಸಣ್ಣ ಸಣ್ಣ ಗುಳಿ ಚೆನ್ನಾಗಿ ಕಾಣುತ್ತವೆ. ಅಂಥ ಎನಾಮಲ್ ಬೇಗ ಚಕ್ಕೆ ಏಳುತ್ತದೆ. ನಿಮ್ಮ ಹಲ್ಲಿನಲ್ಲಿ ಆ ಕಲೆ ಇದ್ದರೆ ಗಾರ್ಡಿನ ವಿಷಯ ಮುಂದೂಡಬೇಡಿ.

ಇನ್ನು ಗಾರ್ಡ್. ಆನ್‌ಲೈನ್‌ನದು ಬಿಸಿನೀರಿಗೆ ಹಾಕಿ ಕಚ್ಚಿ ಆಕಾರ ಮಾಡಿಕೊಳ್ಳುವ ಮೆತ್ತನೆಯದು. ಒಂದು ವಾರ ಹತ್ತು ದಿನ ತಡೆಯಲು ಪರವಾಗಿಲ್ಲ, ವರ್ಷಗಟ್ಟಲೆ ಬೇಡ. ಮೆತ್ತಗಿರುವುದನ್ನು ಕೆಲವರ ಬಾಯಿ ತಿನಿಸು ಅಂದುಕೊಂಡು ಇನ್ನೂ ಜೋರಾಗಿ ಅಗಿಯುತ್ತದೆ. ಮುಂದಿನ ಹಲ್ಲಿಗೆ ಮಾತ್ರ ಹಾಕುವ ಚಿಕ್ಕದನ್ನಂತೂ ಸುಮ್ಮನೆ ದಿನಾ ಹಾಕಿಕೊಂಡು ಮಲಗಬೇಡಿ, ಹಿಂದಿನ ಹಲ್ಲು ನಿಧಾನಕ್ಕೆ ಮೇಲೇಳುತ್ತವೆ, ಕಚ್ಚುವ ಲೆಕ್ಕವೇ ತಪ್ಪುತ್ತದೆ. ನಿಮ್ಮ ಹಾಗೆ ಸದ್ದು ಬರುವಷ್ಟು ಕಡಿಯುವವರಿಗೆ ನಾವು ಮಾಡುವುದು ಗಟ್ಟಿ ಅಕ್ರಿಲಿಕ್‌ನದು, ಒಂದು ಸಾಲಿನ ಎಲ್ಲ ಹಲ್ಲಿಗೂ, ಸಾಮಾನ್ಯವಾಗಿ ಮೇಲಿನದಕ್ಕೆ. ಡಾಕ್ಟರು ಅದನ್ನು ಬಾಯಲ್ಲಿ ಕೂರಿಸಿ, ತಾಗಿದ ಕಡೆ ಗುರುತು ಬೀಳುವ ನೀಲಿ ಕಾಗದ ಕಚ್ಚಿಸಿ, ಎಲ್ಲ ಕಡೆ ಒಂದೇ ಸಮ ತಾಗುವ ಹಾಗೆ ಗಾರ್ಡನ್ನು ಉಜ್ಜಿ ಕೊಡುತ್ತಾರೆ. ಆ ಉಜ್ಜುವುದರಲ್ಲೇ ಅರ್ಧ ಕೆಲಸ ಇದೆ. ಕೊಟ್ಟ ದಿನ ಒಂದು ಕಡೆ ಮಾತ್ರ ತಾಗುತ್ತೆ ಅನ್ನಿಸಿದರೆ ಕುರ್ಚಿಯಿಂದ ಏಳುವ ಮೊದಲೇ ಹೇಳಿ.

ರಿಪೇರಿಗೆ ಅಂತ ಹಳೆ ಗಾರ್ಡುಗಳು ನಮ್ಮಲ್ಲಿಗೆ ವಾಪಸ್ ಬರುತ್ತವೆ. ಬೆಳಕಿಗೆ ಹಿಡಿದರೆ ಕೋರೆಹಲ್ಲಿನ ಜಾಗದಲ್ಲಿ ಓರೆಯಾಗಿ ಒಂದು ಕಾಲುವೆ, ಅದರ ತಳ ಪಾಲಿಷ್ ಹೊಡೆದ ಹಾಗೆ ಹೊಳೆಯುತ್ತಿರುತ್ತದೆ. ದವಡೆ ಹಲ್ಲಿನ ಕಡೆ ತೆಳುವಾಗಿ ತೂತು ಬಿದ್ದಿರುತ್ತದೆ. ಗಾರ್ಡು ಹಾಳಾಯಿತು ಅಂತ ಬೈದು ಕಳಿಸಿರುತ್ತಾರೆ. ಆ ಅಕ್ರಿಲಿಕ್ ಸವೆಯದಿದ್ದರೆ ಸವೆಯುತ್ತಿದ್ದದ್ದು ಅವರ ಹಲ್ಲು. ನನಗೆ ಅಂಥ ಗಾರ್ಡು ನೋಡಿದರೆ ಸಮಾಧಾನವಾಗುತ್ತದೆ.

ದುಡ್ಡಿನ ಚಿಂತೆ ಇದ್ದರೆ ಡೆಂಟಲ್ ಕಾಲೇಜಿಗೆ ಹೋಗಿ. ನೀವು ಹೇಗೂ ಬೆಂಗಳೂರಿಗೆ ಹೋಗುತ್ತೀರಿ, ಅಲ್ಲಿ ವಿಕ್ಟೋರಿಯಾ ಆಸ್ಪತ್ರೆ ಹತ್ತಿರ ಸರ್ಕಾರಿ ದಂತ ಕಾಲೇಜು ಇದೆ. ತುಮಕೂರಿನಲ್ಲಿ ಸಿದ್ಧಾರ್ಥ ಡೆಂಟಲ್ ಕಾಲೇಜು, ಕೋಲಾರ ಜಿಲ್ಲೆಯವರಿಗೆ ಕೆಜಿಎಫ್ ಡೆಂಟಲ್ ಕಾಲೇಜು ಇದೆ. ಹೊತ್ತು ಹಿಡಿಯುತ್ತದೆ, ಆದರೆ ಪ್ರೈವೇಟ್ ಕ್ಲಿನಿಕ್‌ನಷ್ಟು ಖರ್ಚಾಗುವುದಿಲ್ಲ. ಯಾರಾದರೂ ಮೊದಲ ಭೇಟಿಯಲ್ಲೇ ನಿಮ್ಮ ಹಲ್ಲನ್ನೇ ಉಜ್ಜಿ ಸವೆಸಿ ಕಚ್ಚುವುದನ್ನು ಸರಿ ಮಾಡ್ತೀನಿ ಅಂದರೆ ಇನ್ನೊಬ್ಬರನ್ನು ಕೇಳಿ ಮುಂದುವರಿಯಿರಿ. ಹಲ್ಲು ಕಡಿಯುವುದಕ್ಕೆ ಅದು ಪರಿಹಾರ ಅಲ್ಲ, ಉಜ್ಜಿದ್ದು ವಾಪಸ್ ಬರಲ್ಲ. ಸವೆದ ಹಲ್ಲಿಗೆ ಕ್ಯಾಪ್ ಹಾಕಿಸುವುದಾದರೂ ಜೊತೆಗೆ ಗಾರ್ಡು ಬೇಕೇ ಬೇಕು, ಇಲ್ಲದಿದ್ದರೆ ಕ್ಯಾಪಿನ ಸಿರಾಮಿಕ್ ಒಡೆಯಬಹುದು. ಬೊಟಾಕ್ಸ್ ಇಂಜೆಕ್ಷನ್ ಬಗ್ಗೆಯೂ ಕೇಳಿರುತ್ತೀರಿ, ಅದು ಖಂಡದ ಬಲ ಕಮ್ಮಿ ಮಾಡುತ್ತದೆ, ಕೆಲವು ತಿಂಗಳಷ್ಟೇ, ಖರ್ಚು ಜಾಸ್ತಿ. ಬೇರೆ ಯಾವುದೂ ಕೈಹಿಡಿಯದಿದ್ದರೆ ಮಾತ್ರ ಅದರ ಯೋಚನೆ.

ಒಂದು ವಿಷಯ ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಅಡಿಕೆ, ಗುಟ್ಕಾ, ಪಾನ್ ಮಸಾಲ ಹಾಕುತ್ತೀರಾ? ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ ನೋಡಿ. ಹೋಗಬೇಕು. ಹೋಗುತ್ತಿಲ್ಲ, ಖಾರ ತಿಂದರೆ ಬಾಯಿ ಉರಿಯುತ್ತೆ, ಕೆನ್ನೆ ಒಳಗೆ ಬಿಳಚಿ ಗಟ್ಟಿಯಾಗಿದೆ ಅಂದರೆ ಅದು ಬರೀ ದವಡೆ ಬಿಗಿತ ಅಲ್ಲ, ಅಡಿಕೆಯಿಂದ ಬಾಯಿಯ ಒಳಪದರ ಗಟ್ಟಿಯಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಬಿಸಿ ಟವೆಲ್, ಗಾರ್ಡು ಅಂತ ಕಾಲ ಕಳೆಯಬೇಡಿ. ಅಡಿಕೆ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಬಾಯಿ ತೆರೆಯಲಾಗದೆ ಅಚ್ಚೇ ತೆಗೆಯಲು ಆಗದವರಿದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅಡಿಕೆ ಹಾಕದಿದ್ದರೂ ದವಡೆ ಇದ್ದಕ್ಕಿದ್ದ ಹಾಗೆ ಸಿಕ್ಕಿಕೊಂಡು ತೆರೆಯದೆ, ಮುಚ್ಚದೆ ನಿಂತರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಕಿವಿ ಮುಂದೆ ಬರೀ ಟಕ್ ಅನ್ನುತ್ತೆ, ನೋವಿಲ್ಲ ಅಂದರೆ ಗಾಬರಿ ಬೇಡ.

ಗಾರ್ಡು ಬಂದ ಮೇಲೆ ತಣ್ಣೀರಲ್ಲೇ ತೊಳೆಯಿರಿ, ಬಿಸಿನೀರಿಗೆ ಸೊಟ್ಟಗಾಗುತ್ತದೆ. ಡಬ್ಬಿಯಲ್ಲಿಡಿ, ಕಾಗದದಲ್ಲಿ ಸುತ್ತಿಟ್ಟದ್ದು ಕಸದ ಬುಟ್ಟಿ ಸೇರುತ್ತದೆ. ಮೊದಲ ಕೆಲವು ರಾತ್ರಿ ಬಾಯಲ್ಲಿ ಜೊಲ್ಲು ಜಾಸ್ತಿ ಬರುತ್ತೆ, ಅದು ತಾನಾಗಿ ಸರಿಹೋಗುತ್ತದೆ. ಬಿಂದಿ ಮಾತ್ರ ಇವತ್ತೇ ಅಂಟಿಸಿ, ಅದಕ್ಕೆ ಡಾಕ್ಟರ ಅಪಾಯಿಂಟ್‌ಮೆಂಟ್ ಕಾಯಬೇಕಾಗಿಲ್ಲ.