ಮಣಿಪಾಲದ ಜೀಪು ಮನಾಲಿಯಲ್ಲಿ ಜಾರಿದ್ದು ಯಾಕೆ?

ಗ್ಯಾರೇಜ್ ಕಟ್ಟೆ: ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಪ್ರಶ್ನೆ: ಸರ್, ನನ್ನದು ಎರಡು ವರ್ಷದ ಹಿಂದೆ ಕೊಂಡ ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ) ಜೀಪು. ಕಳೆದ ಜನವರಿಯಲ್ಲಿ ಮೂವರು ಗೆಳೆಯರು ಮಣಿಪಾಲದಿಂದ ಮನಾಲಿಗೆ ಹೋಗಿದ್ದೆವು. ಸೋಲಂಗ್ ಕಡೆ ಏರುವಾಗ ಹಿಮದಲ್ಲಿ ಸಿಕ್ಕಿಬಿದ್ದೆವು. ಫೋರ್ ವೀಲ್ ದೀಪ ಉರಿಯುತ್ತಿತ್ತು, ಆದರೆ ಹಿಂದಿನ ಒಂದೇ ಚಕ್ರ ಗಿರಗಿರ ತಿರುಗುತ್ತಿತ್ತು. ಅಲ್ಲಿನ ಮೆಕ್ಯಾನಿಕ್ ಒಬ್ಬ ಬಂದು ಇಕ್ಕಳ ಹಿಡಿದು ಮುಂದಿನ ಒಂದೊಂದು ಚಕ್ರದ ಮಧ್ಯದಲ್ಲಿ ಏನೋ ತಿರುಗಿಸಿದ. ಗಾಡಿ ಸಲೀಸಾಗಿ ಹತ್ತಿತು. ಮರುದಿನ ಕುಲ್ಲು ಕಡೆ ಇಳಿಯುವಾಗ ಒಣ ರಸ್ತೆಯಲ್ಲಿ ಸ್ಟೇರಿಂಗ್ ಬಿಗಿ, ತಿರುವಿನಲ್ಲಿ ಟಕ್ ಟಕ್ ಸದ್ದು. ಲಿವರ್ 2ಹೆಚ್‌ಗೆ (ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಸ್ಥಾನಕ್ಕೆ) ಬರಲೇ ಇಲ್ಲ. ಅದಕ್ಕೂ ಮೊದಲು, ಬೆಳಿಗ್ಗೆ ನೆರಳಿದ್ದ ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ನೇರ ಜಾರಿತು. ಫೋರ್ ವೀಲ್ ಹಾಕಿಯೇ ಇದ್ದೆ. ಗೇರ್‌ಬಾಕ್ಸ್ ಹೋಗಿದೆಯಾ? ಡಿಸೆಂಬರ್‌ನಲ್ಲಿ ಮತ್ತೆ ಹೋಗುವ ಯೋಚನೆ ಉಂಟು. ಟೈರ್ ಮುಂದೆ ಹೊಸದು, ಹಿಂದೆ ಹಳೆಯದು.
– ಓದುಗರೊಬ್ಬರು, ಮಣಿಪಾಲ

ಉತ್ತರ: ಮಾರಾಯ್ರೇ, ಆ ಮೆಕ್ಯಾನಿಕ್ ಏನು ತಿರುಗಿಸಿದ ಅಂತ ಕೇಳಬೇಕಿತ್ತಲ್ವಾ! ನಿಮ್ಮ ಅರ್ಧ ಉತ್ತರ ಅಲ್ಲೇ ಇತ್ತು.

ಹಳೆಯ ಜೀಪುಗಳಲ್ಲಿ ಮುಂದಿನ ಎರಡೂ ಚಕ್ರಗಳ ಮಧ್ಯಭಾಗದಲ್ಲಿ, ಹೊರಬದಿಗೆ, ಒಂದೊಂದು ಡಯಲ್ ಇರುತ್ತದೆ. ಅದಕ್ಕೆ ಲಾಕಿಂಗ್ ಹಬ್ ಅನ್ನುತ್ತೇವೆ. ಒಂದು ಕಡೆ ಫ್ರೀ, ಇನ್ನೊಂದು ಕಡೆ ಲಾಕ್. ಡಯಲ್ ಫ್ರೀ ಕಡೆ ಇದ್ದರೆ ಮುಂದಿನ ಆಕ್ಸೆಲ್ ಒಳಗೇ ತಿರುಗುತ್ತದೆ, ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಡ್ಯಾಶ್‌ಬೋರ್ಡಿನ ದೀಪಕ್ಕೆ ಇದೆಲ್ಲ ಗೊತ್ತಿಲ್ಲ. ಲಿವರ್ 4ಹೆಚ್‌ಗೆ (ಫೋರ್ ವೀಲ್ ಸ್ಥಾನಕ್ಕೆ) ಬಂತು ಅಂತಷ್ಟೇ ಅದು ಹೇಳುತ್ತದೆ. ಅಂದರೆ ಎರಡು ವರ್ಷ ನೀವು ಫೋರ್ ವೀಲ್ ಅಂದುಕೊಂಡು ಓಡಿಸಿದ್ದು ಟೂ ವೀಲ್.

ಇಕ್ಕಳ ಯಾಕೆ ಬೇಕಾಯಿತು? ಆ ಡಯಲ್ ಕೈಯಲ್ಲೇ ತಿರುಗಬೇಕು. ನಮ್ಮ ಕಡಲ ಗಾಳಿಯ ಉಪ್ಪು ಅದನ್ನು ಹಿಡಿದುಬಿಡುತ್ತದೆ. ನನ್ನ ಗ್ಯಾರೇಜಿಗೆ ಬರುವ ಹಳೆ ಜೀಪುಗಳಲ್ಲಿ ಡಯಲ್ ಕೈಗೆ ತಿರುಗಿದರೆ ನನಗೇ ಆಶ್ಚರ್ಯ. ಬಿಚ್ಚಿಸಿ, ತೊಳೆಸಿ, ತೆಳುವಾಗಿ ಗ್ರೀಸ್ ಹಚ್ಚಿಸಿ. ಹೋಳಿಗೆಗೆ ತುಪ್ಪ ಸುರಿದ ಹಾಗೆ ತುಂಬಿಸಬೇಡಿ. ದಪ್ಪ ಗ್ರೀಸ್ ಚಳಿಯಲ್ಲಿ ಗಟ್ಟಿಯಾಗಿ ಒಳಗಿನ ಬಿಡಿಭಾಗ ಸರಿಯಾಗಿ ಕೂರುವುದಿಲ್ಲ.

ಹೊರಡುವ ಮೊದಲು ಮನೆಯಂಗಳದಲ್ಲೇ ಪರೀಕ್ಷೆ ಮಾಡಬಹುದು. ಸಮತಟ್ಟಾದ ಜಾಗ. ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಎಂಜಿನ್ ಆಫ್, ಗಾಡಿ ಗೇರ್‌ನಲ್ಲಿ, ಲಿವರ್ 4ಹೆಚ್, ಹಬ್ ಲಾಕ್. ಮುಂದಿನ ಒಂದು ಚಕ್ರ ಮಾತ್ರ ಜಾಕ್ ಹಾಕಿ ಎತ್ತಿ ಕೈಯಲ್ಲಿ ತಿರುಗಿಸಿ. ಸ್ವಲ್ಪ ಅಲ್ಲಾಡಿ ನಿಂತರೆ ಆ ಬದಿ ಸರಿ ಇದೆ. ಸುಮ್ನೆ ತಿರುಗುತ್ತಾ ಹೋದರೆ ಎರಡರಲ್ಲಿ ಒಂದಾದರೂ ಹಬ್ ಹಿಡಿದಿಲ್ಲ. ಆಮೇಲೆ ಇನ್ನೊಂದು ಬದಿ. ಗಾಡಿಯ ಅಡಿಗೆ ಮಾತ್ರ ನುಗ್ಗಬೇಡಿ, ಜಾಕ್ ನಂಬಿಕೆಯ ವಸ್ತು ಅಲ್ಲ.

ಒಂದೇ ಚಕ್ರ ತಿರುಗಿದ್ದು ಡಿಫರೆನ್ಷಿಯಲ್ (ಎಡ, ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳು) ಗುಣ. ಸಾದಾ ಡಿಫರೆನ್ಷಿಯಲ್ ಎರಡು ಚಕ್ರಕ್ಕೂ ಸಮನಾಗಿಯೇ ಬಲ ಹಂಚುತ್ತದೆ. ಒಂದು ಚಕ್ರ ಮಂಜುಗಡ್ಡೆಯ ಮೇಲಿದ್ದರೆ ಅದಕ್ಕೆ ಬೇಕಾದ ಬಲ ಬಹಳ ಕಡಿಮೆ. ಇನ್ನೊಂದು ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಗಾಡಿ ಅಲ್ಲೇ ಕೂರುತ್ತದೆ. ಈಗಿನ ಕೆಲವು ಗಾಡಿಗಳಲ್ಲಿ ಲಾಕ್ ಆಗುವ ಡಿಫರೆನ್ಷಿಯಲ್ ಇರುತ್ತದೆ. ಇಲ್ಲದಿದ್ದರೆ ತಿರುಗುವ ಚಕ್ರಕ್ಕೆ ತಾನೇ ಬ್ರೇಕ್ ಹಾಕುವ ಎಲೆಕ್ಟ್ರಾನಿಕ್ಸ್. ನಿಮ್ಮ ಜೀಪಿಗೆ ಅದಿಲ್ಲ ಅಂತಾದರೆ ಎಕ್ಸಲರೇಟರ್ ಒತ್ತಿ ಪ್ರಯೋಜನ ಇಲ್ಲ. ಒತ್ತಿದಷ್ಟೂ ಹಿಮ ಕರಗಿ, ಮತ್ತೆ ಗಟ್ಟಿಯಾಗಿ ಗಾಜಿನ ಹಾಗೆ ಆಗುತ್ತದೆ.

ಇನ್ನು ಕುಲ್ಲು ಕಡೆಯ ಟಕ್ ಟಕ್. ಈಗ ಹಬ್ ಲಾಕ್ ಆಗಿದೆ, ಫೋರ್ ವೀಲ್ ನಿಜವಾಗಿ ಕೆಲಸ ಮಾಡುತ್ತಿದೆ. ಪಾರ್ಟ್ ಟೈಮ್ ಫೋರ್ ವೀಲ್‌ನಲ್ಲಿ (ಬೇಕಾದಾಗ ಮಾತ್ರ ಲಿವರ್ ಎಳೆದು ಹಾಕುವ ನಿಮ್ಮಂಥದ್ದರಲ್ಲಿ) ಮುಂದಿನ, ಹಿಂದಿನ ಆಕ್ಸೆಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎರಡೂ ಒಟ್ಟಿಗೇ ತಿರುಗಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗುತ್ತದೆ. ಹಿಮದಲ್ಲಿ, ಕೆಸರಿನಲ್ಲಿ ಟೈರ್ ಸ್ವಲ್ಪ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಟೈರ್ ಬಿಡುವುದಿಲ್ಲ, ಒತ್ತಡವೆಲ್ಲ ಗೇರುಗಳ ಮೇಲೆ. ಲಿವರ್ ಬಿಗಿಯಾದದ್ದು ಅದಕ್ಕೇ. ಎಳೆದಾಡಬೇಡಿ. ಸ್ಟೇರಿಂಗ್ ನೇರ ಇಟ್ಟು ನಿಧಾನ ಹತ್ತು ಹದಿನೈದು ಅಡಿ ರಿವರ್ಸ್ ಹೋಗಿ. ಬಿಗಿ ಬಿಟ್ಟು ಲಿವರ್ ಬರುತ್ತದೆ. ಸದ್ದು ಆಗಲೇ ನಿಂತಿದ್ದರೆ ಗೇರ್‌ಬಾಕ್ಸ್ ಹೋಗಿರುವ ಸಾಧ್ಯತೆ ಕಡಿಮೆ. ಆದರೂ ಟ್ರಾನ್ಸ್‌ಫರ್ ಕೇಸಿನ (ಮುಂದೆ, ಹಿಂದೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಆಯಿಲ್ ಇಳಿಸಿ ಲೋಹದ ಚೂರು ಉಂಟಾ ಅಂತ ನೋಡಿಸಿ.

ಪತ್ರದ ಕೊನೆಗೆ ಮುಂದೆ ಹೊಸ ಟೈರ್, ಹಿಂದೆ ಹಳೆಯದು ಅಂತ ಬರೆದಿದ್ದೀರಿ. ಅದೂ ಸರಿಯಲ್ಲ. ಸವೆದ ಟೈರ್ ಗಾತ್ರದಲ್ಲಿ ಸಣ್ಣದು. ನೇರ ರಸ್ತೆಯಲ್ಲೂ ಇದೇ ಬಿಗಿ ಬರುತ್ತದೆ. ನಾಲ್ಕೂ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಲಿ.

ಮೂರನೆಯದು, ಬ್ರೇಕ್. ಇಲ್ಲಿ ಗಾಡಿಯದ್ದು ತಪ್ಪಿಲ್ಲ. ಫೋರ್ ವೀಲ್ ನಿಮ್ಮನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕೇ ಚಕ್ರಕ್ಕೆ ಇರುವುದು. ನಾನೂ ಕಲಿತದ್ದು ಮಾನ ಕಳೆದುಕೊಂಡೇ. ಕೆಲವು ವರ್ಷಗಳ ಹಿಂದೆ ಭಾವನ ಫೋರ್ ಬೈ ಫೋರ್ ತಗೊಂಡು ಅದೇ ಸೋಲಂಗ್ ಕೆಳಗೆ ಹಿಮದ ರಾಶಿಗೆ ಮೂತಿ ತೂರಿಸಿದೆ. ಪಕ್ಕದಲ್ಲೇ ಟೈರಿಗೆ ಹಿಮದ ಚೈನ್ ಕಟ್ಟಿದ ಹಳೇ ಆಲ್ಟೊ ಒಂದು ಹಾರ್ನ್ ಹಾಕುತ್ತಾ ಹೋಯಿತು. ಭಾವ ಇವತ್ತಿಗೂ ಮದುವೆ ಮನೆಗಳಲ್ಲಿ ಅದನ್ನೇ ಹೇಳುವುದು.

ನೆರಳಿನ ತಿರುವಿನಲ್ಲಿ ಕಂಡೂ ಕಾಣದ ತೆಳು ಮಂಜುಗಡ್ಡೆ ಇರುತ್ತದೆ. ನೋಡಲಿಕ್ಕೆ ಒದ್ದೆ ರಸ್ತೆ, ಅಷ್ಟೇ. ಸೇತುವೆಗಳ ಮೇಲೂ ಹಾಗೆಯೇ. ಮಳೆಗಾಲದಲ್ಲಿ ತೋಡಿನ ಮೇಲೆ ಅಡಿಕೆ ಮರದ ಸಂಕ ದಾಟಿದ್ದೀರಲ್ವಾ? ಅಲ್ಲಿ ಯಾರೂ ಓಡುವುದಿಲ್ಲ, ಗಕ್ಕನೆ ನಿಲ್ಲುವುದೂ ಇಲ್ಲ. ಕಾಲಿನ ನಡೆ ಹೇಗೋ ಪೆಡಲ್ ಕೂಡ ಹಾಗೆ. ತಿರುವಿಗೆ ಮೊದಲೇ ಗೇರ್ ಇಳಿಸಿ, ಎಂಜಿನ್ ಹಿಡಿತದಲ್ಲೇ ನಿಧಾನ ಮಾಡಿ. ಹೊರಡುವಾಗ ಸೆಕೆಂಡ್ ಗೇರ್.

ಹಿಡಿತ ಕೊಡುವುದು ಕೊನೆಗೂ ಟೈರು. ನಮ್ಮ ಊರಿನ ಸಾದಾ ಟೈರಿನ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಟೈರಿನ ಮೇಲೆ ಎಂ ಪ್ಲಸ್ ಎಸ್ (ಕೆಸರು, ಹಿಮ) ಅಂತ ಬರೆದಿದ್ದರೆ ಅದು ಹೆಚ್ಚಾಗಿ ಪಟ್ಟಿಯ (ನೆಲಕ್ಕೆ ತಾಗುವ ಉಬ್ಬುಗೆರೆಗಳ) ವಿನ್ಯಾಸದ ಮಾತು. ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹೂವು ಇರುವ ಗುರುತು ಇದ್ದರೆ ಹಿಮದಲ್ಲಿ ಪರೀಕ್ಷೆ ಮಾಡಿದ ಟೈರು. ಒಂದು ವಾರದ ಪ್ರವಾಸಕ್ಕೆ ಅಂಥದ್ದನ್ನು ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಕಾಯಿದೆಗೆ 1.6 ಮಿ.ಮೀ. ಆಳದ ಪಟ್ಟಿ ಸಾಕು, ಹಿಮಕ್ಕೆ 4 ಮಿ.ಮೀ. ಆದರೂ ಬೇಕು. ಚೈನ್ ಅಲ್ಲೇ ಬಾಡಿಗೆಗೆ ತಗೊಳ್ಳಿ, ಯಾವ ಚಕ್ರಕ್ಕೆ ಅಂತ ಗಾಡಿಯ ಪುಸ್ತಕ ನೋಡಿ ಕಟ್ಟಿ. ಚೈನ್ ಕಟ್ಟಿದ ಮೇಲೆ 30–40 ದಾಟಬೇಡಿ, ಡಾಂಬರು ಕಂಡ ಕೂಡಲೇ ಬಿಚ್ಚಿ.

ಗಾಳಿ ವಿಷಯ ತಮಾಷೆ ಉಂಟು. ಉಷ್ಣಾಂಶ ಆರೇಳು ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ. ಉಡುಪಿಯ 30 ಡಿಗ್ರಿಯಲ್ಲಿ 32 ಹಾಕಿಸಿ ಮೈನಸ್ 5ಕ್ಕೆ ಹೋದರೆ ಐದರಷ್ಟು ಹೋಯಿತು. ಆದರೆ ಮನಾಲಿ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಗೇಜ್ ಮೂರರಷ್ಟು ಜಾಸ್ತಿ ತೋರಿಸುತ್ತದೆ. ಲೆಕ್ಕ ಹಾಕುತ್ತಾ ಕೂರಬೇಡಿ. ಸಣ್ಣ ಗೇಜ್ ಒಂದು ಇಟ್ಟುಕೊಂಡು ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಲ್ಲೇ ಅಳೆಯಿರಿ.

ಇನ್ನೆರಡು ಮಾತು. ರೇಡಿಯೇಟರಿಗೆ ಬರೀ ಬಾವಿ ನೀರು ಹಾಕುವ ನಮ್ಮ ಅಭ್ಯಾಸ ಅಲ್ಲಿ ನೀರು ಹೆಪ್ಪುಗಟ್ಟಿಸಿ ಎಂಜಿನ್ ಒಡೆಸುತ್ತದೆ. ನೀರಿಗೆ ಕೂಲಂಟ್ ಅರ್ಧಕ್ಕರ್ಧ ಬೆರೆಸಿರಲಿ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಪ್ರಶ್ನೆ: ಶಿರಾಡಿ ಘಾಟಿಯಲ್ಲಿ ಜೋರು ಮಳೆ ಬಂದಾಗ 4ಹೆಚ್ ಹಾಕಬಹುದಾ?
– ಕಾವೂರು, ಮಂಗಳೂರು

ಉತ್ತರ: ಪಾರ್ಟ್ ಟೈಮ್ ಆದರೆ ಬೇಡ. ಒದ್ದೆ ಡಾಂಬರಿಗೂ ಸಾಕಷ್ಟು ಹಿಡಿತ ಇರುತ್ತದೆ, ಮೇಲೆ ಹೇಳಿದ ಬಿಗಿ ಬರುತ್ತದೆ. ಮಣ್ಣು ಕುಸಿದು ರಸ್ತೆ ಕೆಸರಾಗಿದ್ದರೆ ಅಷ್ಟು ದೂರಕ್ಕೆ ಹಾಕಿ, ದಾಟಿದ ಮೇಲೆ ತೆಗೆಯಿರಿ. ಟೈರ್ ನೀರಿನ ಮೇಲೆ ತೇಲುವ ಸಮಸ್ಯೆಗೆ ಮದ್ದು ಒಳ್ಳೆ ಪಟ್ಟಿಯ ಟೈರು, ಕಡಿಮೆ ವೇಗ.

ಪ್ರಶ್ನೆ: ಮೀನಿನ ಬಾಕ್ಸ್ ತರಲು ಫೋರ್ ಬೈ ಫೋರ್ ಪಿಕಪ್ ಮರಳಿಗೆ ಇಳಿಸುತ್ತೇನೆ. ಪ್ರತಿ ಸಲ ಹೂತುಹೋಗುತ್ತದೆ.
– ಉಚ್ಚಿಲ

ಉತ್ತರ: ಖಾಲಿ ಗಾಡಿ ಇಳಿಸುವಾಗ ಗಾಳಿ 18ರ ಹತ್ತಿರ ತನ್ನಿ, ಟೈರ್ ಅಗಲವಾಗಿ ಕೂರುತ್ತದೆ. ಲೋಡ್ ಮಾಡುವುದು ಗಟ್ಟಿ ನೆಲಕ್ಕೆ ಬಂದು, ಗಾಳಿ ತುಂಬಿಸಿದ ಮೇಲೆ. ಬಾಕ್ಸ್ ಅಲ್ಲಿಯವರೆಗೆ ಹೊತ್ತು ತರಬೇಕು, ಬೇರೆ ದಾರಿ ಇಲ್ಲ. ಮನೆಗೆ ಬಂದು ಗಾಡಿಯ ಅಡಿಗೆ ಸಿಹಿನೀರು ಹೊಡೆಯಿರಿ, ಹಬ್‌ಗೂ ಸೇರಿಸಿ. ಇಲ್ಲದಿದ್ದರೆ ನೀವೂ ಇಕ್ಕಳ ಇಟ್ಟುಕೊಳ್ಳಬೇಕಾದೀತು.