ಕಣ್ಣಿಗೆ ಪಟ್ಟಿ ಅಂಟಿಸಿದ ಮೊಲವನ್ನು ಓದುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ಪ್ರಾಣಿ ಹಕ್ಕುಗಳ ಕುರಿತ ಒಂದು ಜಾಹೀರಾತು ಆರಿಸಿ, ಅದರ ಚಿತ್ರ ನೋಡುವವರ ಮನಸ್ಸು ಹೇಗೆ ಬದಲಿಸುತ್ತದೆ ಎಂದು ಬರೆಯಬೇಕು. 1980ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸೌಂದರ್ಯವರ್ಧಕ ಕಂಪನಿ ರೆವ್ಲಾನ್ ವಿರುದ್ಧ ಬಂದ ಮೊಲದ ಜಾಹೀರಾತು ಆರಿಸಿದ್ದೇನೆ. ಈಥೋಸ್ (ಹೇಳುವವರ ಮೇಲಿನ ನಂಬಿಕೆ), ಪೇಥೋಸ್ (ಭಾವನೆ), ಲೋಗೋಸ್ (ತರ್ಕ) ಎಂದು ಮೂರು ಭಾಗ ಮಾಡಿ ಬರೆಯಿರಿ ಎಂದು ಸರ್ ಹೇಳಿದ್ದಾರೆ. ಪೇಥೋಸ್ ಕೆಳಗೆ ‘ಪಾಪದ ಮೊಲ, ಕರುಣೆ ಬರುತ್ತದೆ’ ಎಂದು ಬರೆದೆ. ಮುಂದೆ ಏನೂ ತೋಚುತ್ತಿಲ್ಲ.
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಳ್ಳೆಯ ಜಾಹೀರಾತನ್ನೇ ಆರಿಸಿದ್ದೀರಿ. ನಿಮ್ಮ ಸರ್ ಹೇಳಿದ ಮೂರು ಭಾಗಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅವು ಅರಿಸ್ಟಾಟಲ್ ಕಾಲದಿಂದ ಇವೆ, ಇನ್ನೊಂದು ವಾರ ಕಾಯುತ್ತವೆ. ಮೊದಲು ಪುಟ ನೋಡೋಣ.

ನಾನು ಬೆಂಗಳೂರಿನ ಒಂದು ಜಾಹೀರಾತು ಕಂಪನಿಯಲ್ಲಿ ಲೇಔಟ್ ಕೆಲಸ ಮಾಡಿದವಳು. ಕಂಪ್ಯೂಟರ್ ಬರುವ ಮುಂಚಿನ ಮಾತು. ಬ್ರೋಮೈಡ್, ಅಂದರೆ ಅಕ್ಷರ, ಚಿತ್ರ ಮೂಡಿಸಿದ ಫೋಟೋ ಕಾಗದ ಕತ್ತರಿಸಿ, ಗಮ್ ಹಚ್ಚಿ, ಅಂಟಿಸಿ ಪುಟ ಕಟ್ಟುತ್ತಿದ್ದೆವು. ನಮ್ಮ ಆರ್ಟ್ ಡೈರೆಕ್ಟರ್‌ಗೆ ಒಂದು ಅಭ್ಯಾಸ ಇತ್ತು. ತಯಾರಾದ ಲೇಔಟಿನ ಒಂದೊಂದೇ ಭಾಗವನ್ನು ಅಂಗೈಯಲ್ಲಿ ಮುಚ್ಚಿ, ‘ಈಗ ಏನು ಉಳಿಯಿತು ಹೇಳು’ ಎನ್ನುತ್ತಿದ್ದರು. ನೀವೂ ಹಾಗೇ ಮಾಡಿ.

ಪುಟದಲ್ಲಿ ಇರುವುದು ಇಷ್ಟು. ಒಂದು ಬಿಳಿ ಮೊಲ. ಅದರ ಕಣ್ಣಿನ ಮೇಲೆ ಪಟ್ಟಿ. ಪಕ್ಕದಲ್ಲಿ ಪ್ರಯೋಗಾಲಯದ ಗಾಜಿನ ಫ್ಲಾಸ್ಕುಗಳು. ದಪ್ಪ ಅಕ್ಷರದಲ್ಲಿ ಒಂದು ಪ್ರಶ್ನೆ: ಚೆಲುವಿನ ಹೆಸರಲ್ಲಿ ರೆವ್ಲಾನ್ ಎಷ್ಟು ಮೊಲಗಳ ಕಣ್ಣು ಕಳೆಯುತ್ತದೆ? ಆಮೇಲೆ ಸಣ್ಣ ಅಕ್ಷರದ ಬರಹ.

ಪ್ರಶ್ನೆಯನ್ನು ಮುಚ್ಚಿ. ಉಳಿದ ಮೊಲ ಯಾವುದೋ ಪಶು ಆಸ್ಪತ್ರೆಯದು ಅನ್ನಿಸಬಹುದು. ಯಾರೋ ಪುಣ್ಯಾತ್ಮರು ಗಾಯಕ್ಕೆ ಪಟ್ಟಿ ಹಾಕಿದ್ದಾರೆ ಎಂದುಕೊಳ್ಳಬಹುದು. ಈಗ ಫ್ಲಾಸ್ಕುಗಳನ್ನು ಮಾತ್ರ ಮುಚ್ಚಿ. ತಪ್ಪು ಯಾರದು ಎಂದು ಗೊತ್ತಾಗುತ್ತದೆ, ಆದರೆ ಎಲ್ಲಿ ನಡೆಯಿತು ಎಂದು ಚಿತ್ರ ಹೇಳುವುದಿಲ್ಲ. ಕೊನೆಗೆ ಮೊಲವನ್ನೇ ಮುಚ್ಚಿ. ಉಳಿಯುವುದು ಯಾವುದೋ ಕರಪತ್ರದ ಬೈಗುಳ. ಮೂರೂ ಸೇರಿದಾಗ ಮಾತ್ರ ಇದು ಆರೋಪ ಆಗುತ್ತದೆ. ಇದನ್ನು ಬರೆದರೇ ನಿಮಗೆ ಅರ್ಧ ಪುಟ ಸಿಕ್ಕಿತು.

ಇನ್ನು ಆ ಪಟ್ಟಿ. ನನಗೆ ಇಡೀ ಜಾಹೀರಾತಿನಲ್ಲಿ ಅತ್ಯಂತ ಜಾಣತನದ ಕೆಲಸ ಅದೇ ಅನ್ನಿಸುತ್ತದೆ. ಸರಕು ಕಣ್ಣಿಗೆ ಉರಿ ತರುತ್ತದೆಯೇ ಎಂದು ಮೊಲದ ಮೇಲೆ ನೋಡುವ ಡ್ರೇಜ್ ಪರೀಕ್ಷೆ ಹೇಗೆ ಮಾಡುತ್ತಿದ್ದರು ಗೊತ್ತಾ? ಮೊಲದ ತಲೆ ಮಾತ್ರ ಹೊರಗಿರುವಂತೆ ಪೆಟ್ಟಿಗೆಯಲ್ಲಿ ಸಿಕ್ಕಿಸುತ್ತಾರೆ. ಒಂದು ಕಣ್ಣಿನ ಕೆಳರೆಪ್ಪೆ ಎಳೆದು ಶಾಂಪೂನೋ ಬಣ್ಣವೋ, 0.1 ಮಿಲಿಲೀಟರ್ ಹಾಕುತ್ತಾರೆ. ಇನ್ನೊಂದು ಕಣ್ಣು ಹೋಲಿಸಿ ನೋಡಲಿಕ್ಕೆ. ಆಮೇಲೆ ದಿನಗಟ್ಟಲೆ ಕೆಂಪು, ಊತ, ಕೀವು ನೋಡಿ ಅಂಕ ಹಾಕುತ್ತಾರೆ. ನೋಡುವುದೇ ಆ ಪರೀಕ್ಷೆಯ ಕೆಲಸ. ಅಲ್ಲಿ ಪಟ್ಟಿಗೆ ಜಾಗವೇ ಇಲ್ಲ!

ಅಂದರೆ ಈ ಚಿತ್ರ ಸಾಕ್ಷಿಗೆ ತೆಗೆದ ಫೋಟೋ ಅಲ್ಲ, ಕಟ್ಟಿದ ಚಿತ್ರ. ಹಾಳಾದ ಕಣ್ಣನ್ನೇ ಹಾಕಿದ್ದರೆ ಓದುಗರು ಕಾಫಿ ಲೋಟ ಕೆಳಗಿಟ್ಟು ಪುಟ ಮಗುಚುತ್ತಿದ್ದರು. ಪಟ್ಟಿ ಹಾಕಿದ್ದರಿಂದ ನೋಡಲು ಆಗುತ್ತದೆ. ಕೆಳಗೆ ಏನಿದೆ ಎನ್ನುವುದನ್ನು ನೋಡುವವರೇ ಊಹಿಸಬೇಕು, ಆ ಊಹೆ ಫೋಟೋಗಿಂತ ಜಾಸ್ತಿ ಹೊತ್ತು ಕಾಡುತ್ತದೆ.

ಇನ್ನೊಂದು ಕಸುಬಿನ ಗುಟ್ಟು ಹೇಳುತ್ತೇನೆ. ಪ್ರಾಣಿಯ ಚಿತ್ರ ಎಂದರೆ ಓದುಗರು ಮೊದಲು ಕಣ್ಣು ಹುಡುಕುತ್ತಾರೆ. ಪಶು ಆಹಾರದ ಒಂದು ಜಾಹೀರಾತಿಗೆ ಹಸುವಿನ ಫೋಟೋ ಇಟ್ಟಾಗ ನಮ್ಮ ಗಿರಾಕಿ ಹಟ ಹಿಡಿದಿದ್ದ: ಹಸು ಚೀಲದ ಕಡೆಗೇ ನೋಡಬೇಕು. ಸರಿಯಾದ ಹಟ. ಅದು ನೋಡಿದ ಕಡೆಗೆ ನಾವೂ ನೋಡುತ್ತೇವೆ. ಈ ಮೊಲಕ್ಕೆ ನೋಟವೇ ಇಲ್ಲ. ನಮ್ಮ ಕಣ್ಣು ಅಲ್ಲಿ ನಿಲ್ಲಲು ಜಾಗ ಸಿಗದೆ ಬರಹದ ಕಡೆ ಹೋಗುತ್ತದೆ. ಬರಹ ನೇರವಾಗಿ ಓದುಗರನ್ನೇ ಮಾತಾಡಿಸುತ್ತದೆ: ನಿಮ್ಮ ತಲೆಯನ್ನು ಸಿಕ್ಕಿಸಿದ್ದಾರೆ, ನಿಮ್ಮ ರೆಪ್ಪೆ ಎಳೆದಿದ್ದಾರೆ, ಕಣ್ಣಿಗೆ ರಾಸಾಯನಿಕ ಸುರಿದಿದ್ದಾರೆ ಎಂದು ಊಹಿಸಿಕೊಳ್ಳಿ, ಅನ್ನುವ ಧಾಟಿ. ಚಿತ್ರದಲ್ಲಿ ಮನುಷ್ಯರು ಯಾರೂ ಇಲ್ಲ, ಪ್ರಯೋಗ ಮಾಡುವವರ ಕೈ ಕೂಡ ಇಲ್ಲ. ಆ ಖಾಲಿ ಜಾಗಕ್ಕೆ ಓದುಗರನ್ನೇ ಎಳೆದು ಕೂರಿಸುತ್ತಾರೆ, ಅದೂ ಮೊಲದ ಜಾಗದಲ್ಲಿ. ನಿಮ್ಮ ಪೇಥೋಸ್ ಇಲ್ಲಿದೆ. ಕರುಣೆಗಿಂತ ಮೈ ಜುಮ್ ಎನ್ನುವುದು ಜಾಸ್ತಿ.

ಇದನ್ನು ಮಾಡಿಸಿದವರು ಪ್ರಾಣಿ ಹಕ್ಕುಗಳ ಹೋರಾಟಗಾರ ಹೆನ್ರಿ ಸ್ಪೈರಾ. ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ 1927ರಲ್ಲಿ ಹುಟ್ಟಿ, ಹಡಗಿನಲ್ಲಿ ದುಡಿದು, ಕಾರ್ಮಿಕ ಚಳವಳಿ ಮಾಡಿ, ನ್ಯೂಯಾರ್ಕಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. ಮೊದಲು ರೆವ್ಲಾನ್ ಜೊತೆ ಸುಮ್ನೆ ಮಾತಾಡಲು ನೋಡಿದರು. ಅದು ಎಲ್ಲಿಗೂ ಮುಟ್ಟಲಿಲ್ಲ. ಆಮೇಲೆ ಈ ಪುಟ. ಅವರ ಬೇಡಿಕೆ ಎಷ್ಟು ಸಣ್ಣದು ನೋಡಿ: ಒಟ್ಟು ವಹಿವಾಟಿನ ಶೇಕಡಾ 0.01ರಷ್ಟು ದುಡ್ಡನ್ನು ಬದಲಿ ಪರೀಕ್ಷೆ ಹುಡುಕಲು ಕೊಡಿ. ಓದುಗರಿಗೂ ಒಂದು ಕೆಲಸ ಕೊಟ್ಟಿದ್ದರು, ಕಂಪನಿಗೆ ಪತ್ರ ಬರೆಯುವುದು. ಮುಂದಿನ ತಿಂಗಳು ಮೊಲದ ವೇಷ ಹಾಕಿದವರು ಕಂಪನಿಯ ಕಚೇರಿ ಎದುರು ನಿಂತರು. ವರ್ಷ ಮುಗಿಯುವುದರೊಳಗೆ ರೆವ್ಲಾನ್, ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ 7,50,000 ಡಾಲರ್ ಕೊಡುವುದಾಗಿ ಘೋಷಿಸಿತು. 1981ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಬದಲಿ ಪರೀಕ್ಷೆಗಳಿಗೇ ಒಂದು ಕೇಂದ್ರ ಶುರುವಾಯಿತು, ಅದಕ್ಕೆ ಸೌಂದರ್ಯವರ್ಧಕ ಉದ್ಯಮವೇ ಹಣ ಹಾಕಿತು. 1989ರಲ್ಲಿ ರೆವ್ಲಾನ್ ಪ್ರಾಣಿಗಳ ಮೇಲಿನ ಪರೀಕ್ಷೆ ನಿಲ್ಲಿಸಿರುವುದಾಗಿ ಹೇಳಿತು.

ಹಾಗಾದರೆ ಜಾಹೀರಾತು ನ್ಯಾಯವಾಗಿತ್ತಾ? ಪೂರ್ತಿ ಅಲ್ಲ. ಪರೀಕ್ಷೆ ಮಾಡುತ್ತಿದ್ದದ್ದು ರೆವ್ಲಾನ್ ಒಂದೇ ಅಲ್ಲ. ದೊಡ್ಡದು, ಎಲ್ಲರ ಬಾಯಲ್ಲಿರುವ ಹೆಸರು, ಮಾರುವುದು ಚೆಲುವು. ಆದ್ದರಿಂದ ಅದನ್ನು ಹಿಡಿದರು. ಔಷಧ ಕಂಪನಿಯ ಹೆಸರು ಹಾಕಿದ್ದರೆ ‘ರೋಗ ವಾಸಿಯಾಗಲಿಕ್ಕೆ ತಾನೇ’ ಎಂದು ಓದುಗರು ಸುಮ್ಮನಾಗುತ್ತಿದ್ದರು. ಮಸ್ಕರಾಗೋಸ್ಕರ ಎಂದಾಗ ಸುಮ್ಮನಾಗುವುದು ಕಷ್ಟ. ಲೋಗೋಸ್ ಭಾಗದಲ್ಲಿ ಇದನ್ನು ಬರೆಯಿರಿ: ‘ಎಷ್ಟು’ ಎಂದು ಕೇಳುವ ಪ್ರಶ್ನೆ, ‘ಕಳೆಯುತ್ತದೆಯೇ’ ಎನ್ನುವುದನ್ನು ಮೊದಲೇ ತೀರ್ಮಾನಿಸಿಬಿಟ್ಟಿದೆ.

ಇನ್ನೂ ಒಂದು ಸಂಗತಿಯನ್ನು ಆ ಪುಟ ಹೇಳುವುದಿಲ್ಲ. ನಿಮ್ಮ ಪ್ರಬಂಧಕ್ಕೆ ತೂಕ ಬರುವುದು ಇಲ್ಲೇ ಎಂದು ನನಗನ್ನಿಸುತ್ತದೆ. 1933ರಲ್ಲಿ ಅಮೆರಿಕದಲ್ಲಿ ಲ್ಯಾಶ್ ಲೂರ್ ಎಂಬ ರೆಪ್ಪೆಯ ಬಣ್ಣ ಹಚ್ಚಿಸಿಕೊಂಡು ಒಬ್ಬ ಹೆಂಗಸು ಕಣ್ಣು ಕಳೆದುಕೊಂಡರು. ಅದನ್ನು ತಡೆಯುವ ಕಾನೂನು ಆಗ ಇರಲಿಲ್ಲ. ಆಹಾರ ಮತ್ತು ಔಷಧ ಇಲಾಖೆಯವರು ಆಕೆಯ ಹಳೆಯ ಮುಖ, ಹಾಳಾದ ಮುಖ ಎರಡನ್ನೂ ಪಕ್ಕಪಕ್ಕ ಹಾಕಿ ಒಂದು ಪ್ರದರ್ಶನ ಮಾಡಿದರು. ಪತ್ರಿಕೆಯವರು ಅದಕ್ಕೆ ‘ಭೀಕರ ಕೋಣೆ’ ಎಂಬ ಅರ್ಥದ ಹೆಸರಿಟ್ಟರು. 1938ರಲ್ಲಿ ಹೊಸ ಕಾನೂನು ಬಂತು. 1944ರಲ್ಲಿ ಅದೇ ಇಲಾಖೆಯ ವಿಜ್ಞಾನಿ ಜಾನ್ ಡ್ರೇಜ್ ಮತ್ತು ಜೊತೆಗಾರರು ಮೊಲದ ಪರೀಕ್ಷೆಯ ವಿಧಾನ ಪ್ರಕಟಿಸಿದರು. ಅಂದರೆ ಕುರುಡಾದ ಹೆಂಗಸಿನ ಫೋಟೋ ಕಾನೂನಿಗೆ, ಪರೀಕ್ಷೆಗೆ ದಾರಿ ಮಾಡಿತು. ಕುರುಡಾದ ಮೊಲದ ಫೋಟೋ ಆ ಪರೀಕ್ಷೆಯ ಬುಡ ಅಲ್ಲಾಡಿಸಿತು. ಎರಡನ್ನೂ ಒಂದೇ ಪುಟದಲ್ಲಿ ಹಾಕಿದ್ದರೆ ನಿರ್ಧಾರ ಇಷ್ಟು ಸಲೀಸಾಗಿರುತ್ತಿರಲಿಲ್ಲ, ಅಲ್ವಾ? ಜಾಹೀರಾತು ಮಾಡುವವರ ಕೆಲಸ ಒಂದನ್ನೇ ತೋರಿಸುವುದು. ನೀವು ಪ್ರಬಂಧ ಬರೆಯುವವರು, ಎರಡನ್ನೂ ನೋಡಬೇಕು.

ಹೋಲಿಕೆಗೆ ಇನ್ನೊಂದು ಬೇಕಾದರೆ, 1984ರಲ್ಲಿ ಬ್ರಿಟನ್ನಿನಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್ ತಂದ ತುಪ್ಪಳ ಕೋಟಿನ ಪೋಸ್ಟರ್ ನೋಡಿ. ಫೋಟೋ ಡೇವಿಡ್ ಬೈಲಿಯವರದು. ಎತ್ತರದ ಹಿಮ್ಮಡಿಯ ಚಪ್ಪಲಿ ತೊಟ್ಟ ಹೆಂಗಸಿನ ಕಾಲು. ಆಕೆ ಎಳೆದುಕೊಂಡು ಹೋಗುತ್ತಿರುವ ಕೋಟು ನೆಲದ ಮೇಲೆ ರಕ್ತದ ಗೆರೆ ಬಿಡುತ್ತದೆ. ಕೋಟು ಮಾಡಲು 40 ಮೂಕ ಪ್ರಾಣಿಗಳವರೆಗೆ ಬೇಕು, ತೊಡಲು ಒಂದೇ ಸಾಕು ಎಂಬ ಅರ್ಥದ ಸಾಲು. ಮರೆಯಲಾಗದ ಚಿತ್ರ, ಒಪ್ಪುತ್ತೇನೆ. ಆದರೆ ಬೈಗುಳವೆಲ್ಲ ಮುಖವಿಲ್ಲದ ಒಬ್ಬ ಹೆಂಗಸಿಗೆ. ಪ್ರಾಣಿ ಸಾಕಿ ಕೊಂದವನು, ಕೋಟು ಹೊಲಿಸಿದವನು, ಮಾರಿದವನು ಯಾರೂ ಚೌಕಟ್ಟಿನಲ್ಲಿ ಇಲ್ಲ. ಸ್ತ್ರೀವಾದಿಗಳು ಆಗಲೇ ತಕರಾರು ಎತ್ತಿದರು. ನನಗೂ ಆ ತಕರಾರು ಸರಿ ಅನ್ನಿಸುತ್ತದೆ.

ಈಗ ಆ ಮೂರು ಭಾಗ ಮಾಡಿಕೊಳ್ಳಿ. ತುಂಬುವುದು ಕಷ್ಟ ಆಗುವುದಿಲ್ಲ.

ಪ್ರಶ್ನೆ: ಸೋಪು, ಶಾಂಪೂ ಮೇಲೆ ಜಿಗಿಯುವ ಮೊಲದ ಗುರುತು ಇರುತ್ತದಲ್ಲ, ಅದನ್ನು ನೋಡಿ ಕೊಳ್ಳಬೇಕೇ?
— ಗೃಹಿಣಿ, ಹಾಸನ

ಉತ್ತರ: ಎಲ್ಲ ಮೊಲಗಳೂ ಒಂದೇ ಅಲ್ಲ. ‘ಲೀಪಿಂಗ್ ಬನ್ನಿ’ಯಂಥ ಗುರುತುಗಳ ಹಿಂದೆ ತಪಾಸಣೆ ಮಾಡುವ ಸಂಸ್ಥೆ ಇರುತ್ತದೆ. ಕೆಲವು ಕಂಪನಿಗಳು ತಮಗೆ ಬೇಕಾದ ಹಾಗೆ ಒಂದು ಮೊಲ ಬರೆಸಿ ಹಾಕಿಕೊಳ್ಳುತ್ತವೆ. ನಮ್ಮ ದೇಶದಲ್ಲಂತೂ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲೇ ನಿಷೇಧಿಸಿದ್ದಾರೆ. ಹಾಗೆ ಪರೀಕ್ಷಿಸಿದ ಸರಕನ್ನು ಹೊರದೇಶದಿಂದ ತರಿಸುವುದನ್ನೂ ಅದೇ ವರ್ಷ ನಿಲ್ಲಿಸಿದರು. ಕಾನೂನು ಪಾಲಿಸಿದ್ದಕ್ಕೇ ಇಷ್ಟು ದೊಡ್ಡ ಮೊಲ ಯಾಕೆ ಎಂದು ನೀವು ಕೇಳಬಹುದು. ಇನ್ನೊಂದು ಮಾತು. ಈಗಿನ ಬದಲಿ ಪರೀಕ್ಷೆಗಳಲ್ಲಿ ಕಸಾಯಿಖಾನೆಯಿಂದ ತಂದ ದನದ ಕಣ್ಣು, ಕೋಳಿಯ ಕಣ್ಣು ಬಳಸುವುದೂ ಇದೆ. ಯಾವ ಪೊಟ್ಟಣದ ಮೇಲೂ ಅದರ ಚಿತ್ರ ಹಾಕುವುದಿಲ್ಲ, ಬಿಡಿ.

ಪ್ರಶ್ನೆ: ನಾವು ಕೆಲವು ಗೆಳೆಯರು ಬೀದಿ ನಾಯಿಗಳಿಗೆ ಊಟ, ಔಷಧಿ ಹಾಕುತ್ತೇವೆ. ದೀಪಾವಳಿಗೆ ಪಟಾಕಿ ಕುರಿತು ಪೋಸ್ಟರ್ ಮಾಡುತ್ತಿದ್ದೇವೆ. ವಾಟ್ಸಾಪಿನಲ್ಲಿ ಬಂದ, ಬಾಯಿ ಸುಟ್ಟ ನಾಯಿಯ ಫೋಟೋ ಹಾಕೋಣ ಎಂದು ಒಬ್ಬರು, ಬೇಡ ಎಂದು ಇನ್ನೊಬ್ಬರು. ನೀವೇನಂತೀರಿ?
— ಯುವಕರ ಗುಂಪು, ದಾವಣಗೆರೆ

ಉತ್ತರ: ಬೇಡ ಎಂದವರ ಕಡೆ ನಾನು.

ಮೊದಲನೆಯದಾಗಿ, ಆ ಫೋಟೋ ಯಾವ ಊರಿನದು, ಯಾವ ವರ್ಷದ್ದು, ನಿಜವಾಗಿ ಪಟಾಕಿಯಿಂದಲೇ ಆದದ್ದೇ? ನಿಮಗೆ ಗೊತ್ತಿಲ್ಲ. 2015ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರಾಣಿ ಹಕ್ಕುಗಳ ಸಂಘಟನೆ ಪೇಟಾ ಒಂದು ಜಾಹೀರಾತು ತಂದಿತು. ಒಬ್ಬ ಗಿಟಾರ್ ವಾದಕನ ಕೈಯಲ್ಲಿ, ಉಣ್ಣೆ ಕತ್ತರಿಸುವಾಗ ಮೈಯೆಲ್ಲ ಸೀಳಿ ರಕ್ತ ಸೋರುತ್ತಿರುವ ಕುರಿಮರಿ. ಆ ಮರಿ ಫೋಮಿನದು! ಗೊತ್ತಾದ ಮೇಲೆ ಕುರಿ ಸಾಕುವವರು ಬಿಡುತ್ತಾರಾ? ಉಣ್ಣೆ ಕತ್ತರಿಸುವಾಗ ಕುರಿಗೆ ಗಾಯ ಆಗುತ್ತದೋ ಇಲ್ಲವೋ ಎನ್ನುವ ಮಾತು ಹಿಂದೆ ಸರಿದು, ಗೊಂಬೆಯ ಮಾತೇ ಮುಂದೆ ಬಂತು. ನಿಮಗೂ ಅದೇ ಆಗುತ್ತದೆ. ‘ಇದು ಎಲ್ಲಿಯದೋ ಫೋಟೋ ಕಣ್ರೋ’ ಎಂದು ಪಟಾಕಿ ಅಂಗಡಿಯವನು ಒಂದು ಮಾತು ಅಂದರೆ ಸಾಕು.

ಎರಡನೆಯದು, ಪೋಸ್ಟರ್ ಅಂಟಿಸುವುದು ಎಲ್ಲಿ? ಹಾಲಿನ ಬೂತು, ಶಾಲೆಯ ಕಾಂಪೌಂಡು, ಬಸ್ ಸ್ಟಾಪು. ಸುಟ್ಟ ಬಾಯಿ ನೋಡಿದ ತಾಯಿ ಮಗುವಿನ ಮುಖ ಆ ಕಡೆ ತಿರುಗಿಸುತ್ತಾಳೆ. ಕೆಳಗಿನ ಸಾಲು ಯಾರೂ ಓದುವುದಿಲ್ಲ.

ನಿಮ್ಮದೇ ಬೀದಿಯ ನಾಯಿಯ ಫೋಟೋ ತೆಗೆಯಿರಿ. ಇಂಟರ್ನೆಟ್ಟಿನ ಉದ್ದ ಕೂದಲಿನ ವಿದೇಶಿ ತಳಿ ಖಂಡಿತ ಬೇಡ. ಕಂದು ಬಣ್ಣದ, ಬಾಲ ಸುರುಳಿ ಸುತ್ತಿದ ನಮ್ಮ ನಾಯಿಯೇ ಇರಲಿ, ಜನ ಗುರುತು ಹಿಡಿಯಲಿ. ಸ್ಕೂಟರ್ ಅಡಿ ಮುದುಡಿ ಕೂತಿದ್ದರೆ ಒಳ್ಳೆಯದು. ಅದಕ್ಕೋಸ್ಕರ ಪಟಾಕಿ ಸಿಡಿಸಿ ಹೆದರಿಸಬೇಡಿ ಮತ್ತೆ! ಮಳೆ ಬಂದಾಗ ಹಾಗೇ ಕೂರುತ್ತವೆ, ಆಗ ತೆಗೆಯಿರಿ.

ಬೇಡಿಕೆ ಒಂದೇ ಇಡಿ. ‘ಪ್ರಾಣಿಗಳನ್ನು ಪ್ರೀತಿಸಿ’ ಎಂದು ಹಾಕಿದರೆ ಎಲ್ಲರೂ ತಲೆಯಾಡಿಸಿ ಮುಂದೆ ಹೋಗುತ್ತಾರೆ. ದೀಪಾವಳಿಗೆ ಪಟಾಕಿ ರಾತ್ರಿ 8ರಿಂದ 10ರವರೆಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹಾಗಾಗಿ ‘ಹತ್ತಾದ ಮೇಲೆ ಬೇಡ’ ಎಂದಷ್ಟೇ ಕೇಳಿದರೆ ನಿಮ್ಮನ್ನು ಹಬ್ಬದ ವಿರೋಧಿಗಳು ಎಂದು ಯಾರೂ ಅನ್ನುವಂತಿಲ್ಲ. ಇಲ್ಲವೇ ‘ಹೆದರಿದ ನಾಯಿ ಒಳಗೆ ಬಂದು ಅಡಗಲಿ, ಆ ರಾತ್ರಿ ಗೇಟು ಸ್ವಲ್ಪ ತೆರೆದಿಡಿ’ ಎಂದು ಕೇಳಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಗೇಟು. ಅದರಲ್ಲಿ ಯಾರನ್ನೂ ತಡೆಯುವ ಮಾತಿಲ್ಲ, ಮಾಡಲು ಖರ್ಚಿಲ್ಲ, ಮಕ್ಕಳೂ ಮಾಡಬಹುದು.

ಗಾಯವಾದ ನಾಯಿ ಕಂಡರೆ ಕರೆಯಲು ನಿಮ್ಮ ಗುಂಪಿನ ಫೋನ್ ನಂಬರನ್ನು ದಪ್ಪಗೆ ಹಾಕಿ, ಆ ರಾತ್ರಿ ಫೋನ್ ಎತ್ತಲು ಒಬ್ಬರನ್ನು ಈಗಲೇ ನೇಮಿಸಿ. ಗುಂಪಿನ ಹದಿನೈದು ಜನರ ಪಾಸ್‌ಪೋರ್ಟ್ ಫೋಟೋ ಕೆಳಗೆ ಸಾಲಾಗಿ ಹಾಕುವ ಯೋಚನೆ ಇದ್ದರೆ ದಯವಿಟ್ಟು ಕೈಬಿಡಿ, ನಾಯಿಗೆ ಜಾಗ ಉಳಿಯುವುದಿಲ್ಲ. ಮತ್ತೆ, ಜನ ಪಟಾಕಿ ಕೊಳ್ಳುವ ಮೊದಲೇ ಅಂಟಿಸಿ. ನರಕ ಚತುರ್ದಶಿಯ ಬೆಳಗ್ಗೆ ಅಂಟಿಸಿದರೆ ಏನೂ ಉಪಯೋಗವಿಲ್ಲ.