ಇನ್ಸುಲಿನ್ ನಿಮ್ಮದು, ಊಟದ ಹೊತ್ತು ಮನೆಯವರದ್ದು

ಹೊಸನಗರ ತಾಲ್ಲೂಕಿನ ಓದುಗರೊಬ್ಬರ ಪತ್ರ (ಹೆಸರು ಹಾಕಬೇಡಿ ಎಂದಿದ್ದಾರೆ): 'ಸಕ್ಕರೆ ಕಾಯಿಲೆಗೆ ಮಾತ್ರೆ ಸಾಲದೆ ಈಗ ಇನ್ಸುಲಿನ್ ಶುರುವಾಗಿದೆ. ಎಲ್ಲ ನಿಮ್ಮ ಕೈಯಲ್ಲೇ ಇದೆ ಅಂತಾರೆ ಡಾಕ್ಟರು. ಮನೆಯವರು ಮಾಡೋದು ಒಂದೇ, ನನ್ನ ತಟ್ಟೆ ನೋಡಿ ಅನ್ನ ಜಾಸ್ತಿ ಆಯ್ತು ಅನ್ನೋದು. ಸಹಾಯ ಕೇಳೋಕೆ ಸಂಕೋಚ. ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ಸುಲಿನ್ ಕೆಡುತ್ತಾ? ಸಕ್ಕರೆ ಬದಲು ಬೆಲ್ಲ ಆಗುತ್ತಾ?'

ಕರೆಂಟಿನ ವಿಷಯ ಮೊದಲು ಮುಗಿಸೋಣ. ಬಳಸುತ್ತಿರುವ ಬಾಟಲಿಗೆ ಫ್ರಿಜ್ ಬೇಕೇ ಬೇಕು ಅಂತಿಲ್ಲ. ಸಾಮಾನ್ಯವಾಗಿ ಸುಮಾರು 4 ವಾರ ತಂಪಾದ ಕೋಣೆಯಲ್ಲಿ ಇಡಬಹುದು. ನಿಮ್ಮ ಬಾಟಲಿಯ ಚೀಟಿಯನ್ನೂ ಒಮ್ಮೆ ನೋಡಿಕೊಳ್ಳಿ. ಮಲೆನಾಡಿನ ಜುಲೈ ತಿಂಗಳಿಗಿಂತ ತಂಪು ಇನ್ನೆಲ್ಲಿ ಸಿಗುತ್ತೆ! ಬಚ್ಚಲೊಲೆಯ ಪಕ್ಕದ ಗೂಡಲ್ಲಿ ಮಾತ್ರ ಬೇಡ. ತೆರೆಯದ ಬಾಟಲಿಗಳು ಫ್ರಿಜ್ಜಿನಲ್ಲೇ ಇರಲಿ, 2ರಿಂದ 8 ಡಿಗ್ರಿಯಲ್ಲಿ. ಕರೆಂಟ್ ಹೋದಾಗ ಬಾಗಿಲು ಪದೇಪದೇ ತೆಗೆಯಬೇಡಿ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಳಸಲೇಬಾರದು.

ಈಗ ಸಂಕೋಚದ ಮಾತು. ನಿಮ್ಮ ಪತ್ರದಲ್ಲಿ ನೀವೇ ಅಷ್ಟು ಗಮನ ಕೊಡದ ಒಂದು ಸಾಲಿದೆ: ತೋಟಕ್ಕೆ ಔಷಧಿ ಹೊಡೆಯುವ ದಿನ ಕೆಲಸದವರಿಗೆಲ್ಲ ಬಡಿಸಿ ನೀವು ಉಣ್ಣುವಾಗ ಮೂರು ಗಂಟೆ, ಕೈ ನಡುಗುತ್ತೆ, ಬೆವರು ಬರುತ್ತೆ. ನನಗೆ ಬೆಲ್ಲಕ್ಕಿಂತ ಇದೇ ದೊಡ್ಡ ವಿಷಯ ಅನ್ನಿಸಿತು. ಇನ್ಸುಲಿನ್ ತಗೊಂಡು ಊಟ ತಡವಾದರೆ ಸಕ್ಕರೆ ಸರ್ರನೆ ಇಳಿಯುತ್ತೆ. ಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದರೆ ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು, ಆಮೇಲೆ ಊಟ. ಮೀಟರ್ ಹತ್ತಿರ ಇಲ್ಲದಿದ್ದರೆ ಹುಡುಕುತ್ತಾ ಕೂರಬೇಡಿ, ಮೊದಲು ಸಕ್ಕರೆ.

ಆದರೆ ಸಕ್ಕರೆ ತೀರಾ ಇಳಿದಾಗ ತಲೆಯೇ ಓಡಲ್ಲ. ಆಗ 'ನಿಮ್ಮ ಕೈಯಲ್ಲೇ ಇದೆ' ಅನ್ನೋದಕ್ಕೆ ಅರ್ಥವೇ ಇಲ್ಲ, ಅಲ್ವಾ? ನಿಮಗೆ ಏನಾಗುತ್ತಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲೇಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹೊಯ್ಯಬಾರದು, 108ಕ್ಕೆ ಫೋನ್ ಮಾಡಬೇಕು ಅನ್ನೋದೂ ಗೊತ್ತಿರಬೇಕು.

ಸುಮ್ನೆ 'ನನ್ನನ್ನು ನೋಡ್ಕೊಳ್ಳಿ' ಅಂದರೆ ಅವರು ಮತ್ತೆ ನಿಮ್ಮ ತಟ್ಟೆಯನ್ನೇ ನೋಡುತ್ತಾರೆ. ಕೆಲಸ ಹೆಸರಿಸಿ ಕೇಳಿ. ಔಷಧಿ ಹೊಡೆಯುವ ದಿನ ನನ್ನ ಊಟ ಒಂದು ಗಂಟೆಗೆ, ಬಡಿಸೋಕೆ ನೀವು ನಿಲ್ಲಿ ಅಂತ ಯಜಮಾನರಿಗೆ ಹೇಳಿ. ರಾತ್ರಿ ಟಾರ್ಚ್ ಹಿಡಿದು ನನ್ನ ಅಂಗಾಲು, ಬೆರಳ ಸಂದು ನೋಡು ಅಂತ ಮಗಳಿಗೆ ಹೇಳಿ. ಸಕ್ಕರೆ ಕಾಯಿಲೆ ಹಳೆಯದಾದಂತೆ ಕಾಲು ಜೋಮು ಹಿಡಿದು, ಮುಳ್ಳು ಚುಚ್ಚಿದ್ದೂ ಗೊತ್ತಾಗದೇ ಹೋಗಬಹುದು. ಉಂಬಳ ಕಚ್ಚಿದ ಜಾಗ ಕೆರೆದು ಹುಣ್ಣಾದರೆ, ಕೆಸರಲ್ಲಿ ನೆನೆದು ಸಂದು ಬಿರಿದರೆ, ಮೊದಲು ಕಾಣೋದು ಮಗಳಿಗೇ ಇರಬಹುದು.

ಡಾಕ್ಟರ ಹತ್ತಿರವೂ ಹೀಗೇ. 'ಊಟ ತಡವಾಗುವ ದಿನ ಇನ್ಸುಲಿನ್ ಏನು ಮಾಡಲಿ?' ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನೀವಾಗಿ ಡೋಸ್ ಬಿಡಬೇಡಿ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಎಂಬುವರು ದೀರ್ಘ ಕಾಯಿಲೆ ಇರುವವರಿಗಾಗಿ ಒಂದು ತರಬೇತಿ ರೂಪಿಸಿದರು. ವಾರಕ್ಕೊಮ್ಮೆ ಎರಡೂವರೆ ಗಂಟೆ, 6 ವಾರ. ಹೆಚ್ಚಾಗಿ ನಡೆಸಿಕೊಡುವವರು ಡಾಕ್ಟರಲ್ಲ, ಅಂಥದೇ ಕಾಯಿಲೆ ಜೊತೆ ಬಾಳುತ್ತಿರುವವರು. ಈ ವಾರ ನಾನು ಇಂಥದ್ದು ಮಾಡ್ತೀನಿ ಅಂತ ಎಲ್ಲರೆದುರು ಹೇಳಿ, ಮುಂದಿನ ವಾರ ಏನಾಯ್ತು ಅಂತ ಒಪ್ಪಿಸಬೇಕು. ಸ್ವಸಹಾಯ ಸಂಘದಲ್ಲಿ ನೀವು ಸಾಲದ ಕಂತಿಗೆ ಮಾಡುವುದೂ ಇದನ್ನೇ ತಾನೆ! ನಿಮ್ಮ ಸಂಘದಲ್ಲೇ ಬಿಪಿ, ಶುಗರ್ ಇರುವವರು ಇನ್ನೂ ಇದ್ದಾರೆ ಎಂದಿದ್ದೀರಿ. ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಕೂತರೆ ಸಾಕು. ಆಶಾ ಕಾರ್ಯಕರ್ತೆಯನ್ನೂ ಕರೆಯಿರಿ.

ಇನ್ನು ಬೆಲ್ಲ. ಜೋನಿ ಬೆಲ್ಲವಾಗಲಿ ಅಚ್ಚು ಬೆಲ್ಲವಾಗಲಿ, ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಸಕ್ಕರೆಗಿಂತ ಏನೂ ಕಡಿಮೆಯಿಲ್ಲ. ನೀರು ದೋಸೆ ಜೊತೆಗೆ ಅದು ಬೇಡ, ಚಟ್ನಿ ಹಾಕಿಕೊಳ್ಳಿ.

— ಸಂಪಾದಕ